ಎಕ್ಕದ ಗಿಡಕ್ಕೆ ಎರಡು ಕುಟುಂಬ

ಎಕ್ಕದ ಗಿಡದ ಕುಟುಂಬ ಕಾಣೆಯಾಗಿದೆ ಎಂದು ನನಗೆ ತಿಳಿದದ್ದು ಸ್ಟಾಫ್ ರೂಮಿನಲ್ಲಿ, ಊಟದ ಡಬ್ಬಿ ಮುಚ್ಚುತ್ತಿದ್ದಾಗ. ಬಿಎಸ್ಸಿಯ ಹೊಸ ಪಠ್ಯಕ್ರಮ ಮೊಬೈಲಿಗೆ ಬಂದಿತ್ತು. ಮದ್ದೂರಿನ ನಮ್ಮ ಕಾಲೇಜಿನಲ್ಲಿ ಸಸ್ಯಗಳ ವರ್ಗೀಕರಣ ಪಾಠ ಮಾಡುವವಳು ನಾನೊಬ್ಬಳೇ, ಹಾಗಾಗಿ ಆ ಪಟ್ಟಿಯನ್ನು ನಾನೇ ನೋಡಬೇಕು. ಬೆರಳಿನಲ್ಲಿ ಮೇಲೆ ಎಳೆದೆ, ಕೆಳಗೆ ಎಳೆದೆ. ದಾಸವಾಳದ ಕುಟುಂಬ ಇದೆ, ಹರಳಿನ ಕುಟುಂಬ ಇದೆ, ಎಕ್ಕದ ಕುಟುಂಬ ಆಸ್ಕ್ಲೆಪಿಯಡೇಸಿ ಮಾತ್ರ ಇಲ್ಲ. ಟೈಪು ಮಾಡುವವರು ಬಿಟ್ಟಿರಬೇಕು, ಇವರಿಗೆ ಯಾವತ್ತು ತಾನೇ ಗಮನವಿತ್ತು ಎಂದು ಬೈದುಕೊಂಡೆ. ಅವರು ಬಿಟ್ಟಿರಲಿಲ್ಲ. ಆ ಕುಟುಂಬವನ್ನೇ ಎತ್ತಿಹಾಕಿ, ಅದರಲ್ಲಿದ್ದ ಗಿಡಗಳನ್ನೆಲ್ಲ ನಂದಿಬಟ್ಟಲು ಇರುವ ಅಪೋಸೈನೇಸಿ ಕುಟುಂಬಕ್ಕೆ ಸೇರಿಸಿದ್ದರು. ಅದೂ ಎಷ್ಟೋ ವರ್ಷಗಳ ಹಿಂದೆಯೇ. ನಮ್ಮ ಪಠ್ಯಕ್ರಮಕ್ಕೆ ಸುದ್ದಿ ಮುಟ್ಟಿದ್ದು ಈಗ.

ನನಗೆ ತಲೆ ಚಿಟ್ಟು ಹಿಡಿಯಿತು. ಕುಟುಂಬ ಎಂದರೆ ಸಸ್ಯಶಾಸ್ತ್ರದಲ್ಲಿ ಹತ್ತಿರದ ಗಿಡಗಳ ಒಂದು ಗುಂಪು, ಅಷ್ಟೇ. ಆದರೆ ಇಪ್ಪತ್ತು ವರ್ಷ ಒಂದೊಂದು ಕುಟುಂಬವನ್ನೂ ಬೋರ್ಡಿನ ಮೇಲೆ ಬರೆದು, ಹೂ ಬಿಡಿಸಿ ತೋರಿಸಿ, ಮಕ್ಕಳ ಬಾಯಲ್ಲಿ ಹೇಳಿಸಿದವಳಿಗೆ ಅದು ಅಷ್ಟೇ ಆಗಿರುವುದಿಲ್ಲ. ಹಳೆಯ ಪದ್ಧತಿ ಇಬ್ಬರು ಇಂಗ್ಲಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ್ದು. ಒಣಗಿಸಿದ ಗಿಡಗಳನ್ನು ಮುಂದಿಟ್ಟುಕೊಂಡು ಕಣ್ಣಿಗೆ ಕಂಡದ್ದನ್ನು ನೋಡಿ ಗುಂಪು ಮಾಡಿದರು: ಎಸಳು ಬಿಡಿಬಿಡಿಯಾಗಿದೆಯೋ ಕೂಡಿಕೊಂಡಿದೆಯೋ, ಕೇಸರ ಎಷ್ಟು, ಅಂಡಾಶಯ ಮೇಲಿದೆಯೋ ಕೆಳಗಿದೆಯೋ. ಬ್ಲೇಡು, ಸೂಜಿ, ಒಂದು ಮಸೂರ ಇದ್ದರೆ ನಮ್ಮ ಹುಡುಗರೂ ಅದನ್ನು ಮಾಡಬಹುದಿತ್ತು. ಹೊಸ ಪದ್ಧತಿ ಡಿಎನ್‌ಎ ಓದಿ ಮಾಡಿದ್ದು. ಒಬ್ಬ ಪೂರ್ವಜನಿಂದ ಬಂದವರೆಲ್ಲ ಒಂದೇ ಮನೆಯಲ್ಲಿರಬೇಕು, ಹೊರಗಿನವರು ಒಳಗಿರಬಾರದು, ಇದು ಅದರ ನಿಯಮ. ಅದೂ ಒಂದೇ ಸಲಕ್ಕೆ ನಿಂತಿಲ್ಲ, ತಿದ್ದಿ ತಿದ್ದಿ ನಾಲ್ಕನೆಯ ಆವೃತ್ತಿಗೆ ಬಂದಿದೆ.

ಆ ವರ್ಷ ನಾನು ಪಾಠ ಮಾಡಿದ್ದು ಹೇಗೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ತೇಗ, ಲಕ್ಕಿ ಎರಡೂ ಲಂಟಾನದ ಕುಟುಂಬ ಬಿಟ್ಟು ತುಳಸಿ ಕುಟುಂಬಕ್ಕೆ ಹೋಗಿದ್ದವು. ಈರುಳ್ಳಿ, ಲೋಳೆಸರ, ಶತಾವರಿ ಮೂರೂ ಒಂದೇ ಕುಟುಂಬದಲ್ಲಿದ್ದವು, ಈಗ ಮೂರು ದಿಕ್ಕು. ನೆಲನೆಲ್ಲಿ ಹರಳಿನ ಮನೆಯಿಂದ ಬೇರೆಯಾಗಿತ್ತು. ಒಂದು ದಿನ ತಾವರೆ, ನೈದಿಲೆ ಎರಡೂ ಈಗ ನೆಂಟರಲ್ಲ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಮತ್ತೆ ತಾವರೆಗೆ ಯಾರು ಮೇಡಂ ನೆಂಟ್ರು?” ಎಂದಳು. ಪುಸ್ತಕ ನೋಡಿ, “ಸಿಲ್ವರ್ ಓಕ್ ಮರ” ಎಂದೆ. ಇಡೀ ಕ್ಲಾಸು ಘೊಳ್ಳೆಂದಿತು. ನಾನೂ ನಕ್ಕೆ. ನಕ್ಕ ಮೇಲೆ, ಇದು ನಿಜವೇ ಇರಬಹುದು, ಆದರೆ ಇದನ್ನು ನಾನು ಹೇಗೆ ತೋರಿಸಲಿ ಎಂದು ಭಯವಾಯಿತು. ಸಿಲ್ವರ್ ಓಕಿನ ಹೂವನ್ನೂ ತಾವರೆಯನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದರೂ ನನಗೆ ಏನೂ ಕಾಣಲಿಲ್ಲ.

ನಮ್ಮ ಅಟೆಂಡರ್ ಬೆಸಗರಹಳ್ಳಿಯವರು. ಪ್ರಾಕ್ಟಿಕಲ್ ಪರೀಕ್ಷೆಗೆ ಗಿಡ ತರುವ ಕೆಲಸ ಅವರದು. ಮೊದಲ ಬಸ್ಸು ಹಿಡಿಯುವ ಮುಂಚೆ ನಾಲೆ ಏರಿಯ ಮೇಲೆ ನಡೆದು, ಹೂ ಇರುವ ಕೊಂಬೆಗಳನ್ನು ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಾರೆ. ಲ್ಯಾಬಿನಲ್ಲಿ ಮೂರು ಬಕೆಟ್: ಬಿಡಿ ಎಸಳಿನವು ಒಂದರಲ್ಲಿ, ಕೂಡಿದ ಎಸಳಿನವು ಇನ್ನೊಂದರಲ್ಲಿ, ಹುಲ್ಲು, ಗೆಡ್ಡೆಯ ಜಾತಿಯವು ಮೂರನೆಯದರಲ್ಲಿ. ನನಗಿಂತ ಹಿಂದಿನ ಮೇಷ್ಟರು ಕಲಿಸಿಕೊಟ್ಟದ್ದು. ಇನ್ನು ಮುಂದೆ ಈ ಬಕೆಟ್ ಲೆಕ್ಕ ನಡೆಯುವುದಿಲ್ಲ ಎಂದಾಗ ಅವರು ನನ್ನನ್ನೇ ಅನುಮಾನದಿಂದ ನೋಡಿದರು.

“ಯಾಕ್ ಮೇಡಮ್ಮಾರೆ, ಗಿಡ ಏನಾರ ಬದಲಾಯ್ತಾ?”

“ಗಿಡ ಬದಲಾಗಿಲ್ಲ, ನಾವು ಇಟ್ಟ ಹೆಸರು ಬದಲಾಯ್ತು.”

“ಅಂಗಾರೆ ಬಕೀಟು ಇಂಗೇ ಇರ್ಲಿ ಬುಡಿ. ಗಿಡುಕ್ಕೆ ನೀರ್ ಬೇಕಷ್ಟೆ” ಎಂದು ಹೊರಟುಹೋದರು. ಬಕೆಟ್ ಹಾಗೆಯೇ ಉಳಿದವು.

ಆ ಆಷಾಢದಲ್ಲಿ ಪರೀಕ್ಷೆಗೆ ಎರಡು ವಾರ ಇರುವಾಗ ಒಬ್ಬ ಹೆಂಗಸು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಬೆಳಕವಾಡಿಯವಳು, ನನ್ನ ಹಳೆಯ ವಿದ್ಯಾರ್ಥಿನಿ. ಥಿಯರಿ ಪೇಪರುಗಳನ್ನೆಲ್ಲ ಪಾಸು ಮಾಡಿ, ಕೊನೆಯ ಪ್ರಾಕ್ಟಿಕಲ್ ಒಂದು ಉಳಿದಿತ್ತು. ಆ ಪ್ರಾಕ್ಟಿಕಲ್ ಇದ್ದ ದಿನ ಅವಳು ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಮುಂದಿನ ಸಲ ಮಗುವಿಗೆ ಹುಷಾರಿಲ್ಲ, ಅದರ ಮುಂದಿನ ಸಲ ರಜ ಸಿಗಲಿಲ್ಲ. ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಷೀನಿನ ಮುಂದೆ ಕೂರುತ್ತಿದ್ದಳು. ಕತ್ತಲಲ್ಲೇ ಎದ್ದು ಕಂಪನಿಯ ವ್ಯಾನಿನಲ್ಲಿ ಮಳವಳ್ಳಿ ದಾಟಿ ಬರಬೇಕು. ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಅವಕಾಶ ಎಂದು ವಿಶ್ವವಿದ್ಯಾಲಯ ಹೇಳಿತ್ತು. ಇದು ಹೋದರೆ ಹೊಸದಾಗಿ ಸೇರಿ ಮೂರು ವರ್ಷ ಮತ್ತೆ ಓದಬೇಕು. ಪಾಸಾದರೆ ಬಿಎಡ್ ಮಾಡಿ ಟೀಚರ್ ಆಗುತ್ತೇನೆ ಎಂದಳು.

“ಏನ್ ಓದ್ಕೊಳ್ಲಿ ಮೇಡಂ? ಈಗಿನ ಹುಡ್ಗೀರು ಏನೇನೋ ಬೇರೆ ಹೇಳ್ತಾವ್ರೆ.”

“ಅವರ ಮಾತು ಕೇಳಬೇಡ. ನಿನ್ನ ಸಿಲಬಸ್ ಹಳೇದು, ಪ್ರಶ್ನೆಪತ್ರಿಕೆಯೂ ಬೇರೆ ಬರುತ್ತೆ. ನಿನ್ನ ಹಳೇ ನೋಟ್ಸೇ ಓದು” ಎಂದೆ.

ಹೇಳಿದ್ದು ನಾನೇ. ಇದನ್ನು ಮರೆಯಬೇಡಿ, ನಾನು ಮರೆತೆ.

ಪರೀಕ್ಷೆಯ ದಿನ ನಮ್ಮಲ್ಲಿ ಒಂದು ರೂಢಿ ಇದೆ. ಹಿಂದಿನ ವರ್ಷದವರು ಒಬ್ಬರೋ ಇಬ್ಬರೋ ಇದ್ದರೆ ಅವರಿಗೆಂದು ಬೇರೆ ದಿನ ಇಡುವುದಿಲ್ಲ, ಇದ್ದ ಬ್ಯಾಚಿಗೆ ಸೇರಿಸಿಬಿಡುತ್ತೇವೆ. ಒಬ್ಬಳಿಗಾಗಿ ಹೊರಗಿನ ಪರೀಕ್ಷಕರು ಮಂಡ್ಯದಿಂದ ಇನ್ನೊಮ್ಮೆ ಯಾಕೆ ಬರಬೇಕು ಎಂಬ ದಾಕ್ಷಿಣ್ಯ. ಹಿಂದೆ ಎಲ್ಲರಿಗೂ ಒಂದೇ ಪ್ರಶ್ನೆ ಇರುತ್ತಿದ್ದುದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅಂದು ಬಂದ ಹೊರಗಿನ ಪರೀಕ್ಷಕರು ಚಿಕ್ಕ ವಯಸ್ಸಿನವರು, ಡಿಎನ್‌ಎ ಕೆಲಸದಲ್ಲೇ ಡಾಕ್ಟರೇಟ್ ಮಾಡಿದವರು. ಅವರ ಮುಂದೆ ನಾನು ಹಳೆಯ ಕಾಲದವಳು ಅನ್ನಿಸಿಕೊಳ್ಳಬಾರದೆಂದು ಹಿಂದಿನ ಸಂಜೆಯೇ ಕುಳಿತು, ಹೊಸ ಹೆಸರುಗಳನ್ನೆಲ್ಲ ಹುಡುಕಿ, ಉತ್ತರಗಳ ಪಟ್ಟಿಯನ್ನು ಚೊಕ್ಕವಾಗಿ ಟೈಪು ಮಾಡಿಸಿದ್ದೆ. ಅದನ್ನು ನೋಡಿ ಅವರು, “ಚೆನ್ನಾಗಿದೆ ಮೇಡಂ, ತುಂಬಾ ಕಡೆ ಇನ್ನೂ ಹಳೇದನ್ನೇ ಹಿಡ್ಕೊಂಡಿದಾರೆ” ಎಂದರು. ನನಗೆ ಖುಷಿಯೋ ಖುಷಿ. ಆ ಖುಷಿಯಲ್ಲೇ ನನ್ನ ಬುದ್ಧಿ ಮಣ್ಣು ತಿಂದಿತು.

ಮೇಜಿನ ಮೇಲೆ ಎಕ್ಕದ ಹೂ ಇಟ್ಟೆವು. ಇದನ್ನು ವಿವರಿಸಿ, ಬಿಡಿಸಿ ಚಿತ್ರ ಬರೆದು, ಕಾರಣ ಕೊಟ್ಟು ಕುಟುಂಬ ಹೇಳಬೇಕು. ಅದರ ಜೊತೆಗೆ ಲಕ್ಕಿ, ನೆಲನೆಲ್ಲಿ, ಶತಾವರಿ, ಲೋಳೆಸರದ ಒಣಗಿದ ಹೂ, ಒಂದು ತೇಗದ ಗೊಂಚಲು. ಎಲ್ಲವೂ ಮನೆ ಬದಲಿಸಿದ ಗಿಡಗಳು. ಬೇಕೆಂದೇ ಆರಿಸಿದ್ದೆ, ಹೊಸದನ್ನು ಎಷ್ಟು ಚೆನ್ನಾಗಿ ಪಾಠ ಮಾಡಿದ್ದೇನೆ ಎಂದು ತೋರಿಸಲು. ಎಲ್ಲರಿಗೂ ಪ್ರಶ್ನೆಪತ್ರಿಕೆ ಹಂಚಿದೆ. ಹದಿನೈದು ನಿಮಿಷಕ್ಕೆ ಬೆಳಕವಾಡಿಯವಳು ಕೈ ಎತ್ತಿದಳು.

“ಮೇಡಂ, ಮೂರನೇ ಪ್ರಶ್ನೆ ನಮಗಿಲ್ಲ...”

ಹೊರಗಿನ ಪರೀಕ್ಷಕರು ತಿರುಗಿ ನೋಡಿದರು. ನನಗೆ ಇರಿಸುಮುರಿಸಾಯಿತು. “ಗೊತ್ತಿರೋದು ಬರಿ, ಮಾತಾಡಬೇಡ” ಎಂದೆ. ಅವಳು ಕೈ ಇಳಿಸಿದಳು. ಮೂರನೆಯ ಪ್ರಶ್ನೆ, ಹೊಸ ಪದ್ಧತಿಯ ಮುಖ್ಯ ಗುಂಪುಗಳನ್ನು ಕವಲು ಕವಲಾಗಿ ಬರೆಯುವುದು. ಅವಳು ಓದುವಾಗ ಅಂಥದ್ದೊಂದು ಇರಲೇ ಇಲ್ಲ.

ಸಂಜೆ ಕುಳಿತು ಇಬ್ಬರೂ ಮೌಲ್ಯಮಾಪನ ಮಾಡಿದೆವು. ಅವಳ ಉತ್ತರಪತ್ರಿಕೆ ಅವರ ಕೈಗೆ ಬಂತು. “ಚಿತ್ರ ಅದ್ಭುತವಾಗಿ ಬರೆದಿದಾರೆ ಮೇಡಂ, ಆದರೆ ಕುಟುಂಬ ಒಂದೂ ಸರಿ ಇಲ್ಲ” ಎಂದು ನನ್ನ ಪಟ್ಟಿಯ ಪ್ರಕಾರ ಕೆಂಪು ಗೆರೆ ಎಳೆದರು. ಆರು ಗಿಡ, ಆರು ಗೆರೆ. ನಾನು ಕತ್ತು ಚಾಚಿ ನೋಡಿದೆ, ಹೌದು, ಹಳೆಯ ಹೆಸರು, ತಪ್ಪು ಎಂದು ತಲೆಯಾಡಿಸಿದೆ. ರಿಜಿಸ್ಟರ್ ನಂಬರು ಬೇರೆ ಥರ ಇದ್ದುದು ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಪಾಸಿಗೆ ನಾಲ್ಕು ಅಂಕ ಕಮ್ಮಿ. ಸಹಿ ಹಾಕಿದೆವು. ಅಂಕಗಳನ್ನು ಕಂಪ್ಯೂಟರಿಗೆ ತುಂಬಿ ಉಳಿಸಿ, ಅವರು ಮಂಡ್ಯದ ರೈಲು ಹಿಡಿದರು, ನಾನು ನಿಡಘಟ್ಟದ ಬಸ್ಸು ಹಿಡಿದೆ. ಮನೆಗೆ ಬಂದು ಒಳ್ಳೆಯ ಪರೀಕ್ಷೆ ಎಂದು ಹೊಟ್ಟೆ ತುಂಬ ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದರೆ ಅಟೆಂಡರ್ ಬಕೆಟ್ ತೊಳೆಯುವುದನ್ನು ಬಿಟ್ಟು, ಒಂದು ಕಂದು ಬಣ್ಣದ ಲಕೋಟೆ ಹಿಡಿದು ನಿಂತಿದ್ದರು.

“ಮೇಡಮ್ಮಾರೆ, ಬೀರು ಮೂಲೇಲಿ ಇತ್ತು. ಇದ ಒಡ್ದೇ ಇಲ್ವಲ್ಲ?”

ಸೀಲು ಹಾಗೆಯೇ ಇತ್ತು. ಮೇಲೆ ಹಳೆಯ ಪಠ್ಯಕ್ರಮದ ಸಂಖ್ಯೆ. ಅವಳಿಗೆ ಬಂದಿದ್ದ ಪ್ರಶ್ನೆಪತ್ರಿಕೆ ಬೀರುವಿನಲ್ಲೇ ಕೂತಿತ್ತು. ಅವಳು ಬರೆದದ್ದು ತನ್ನದಲ್ಲದ ಪರೀಕ್ಷೆ. ಆ ಪರೀಕ್ಷೆಗೆ ನಾನೇ ಹೇಳಿದ್ದನ್ನು ಓದಿಕೊಂಡು ಬಂದು, ನಾನೇ ಕಲಿಸಿದ ಉತ್ತರ ಬರೆದು, ನನ್ನ ಕಣ್ಣೆದುರಿಗೇ ಫೇಲಾಗಿದ್ದಳು. ಕೈ ಎತ್ತಿ ಕೇಳಿದ್ದಳಲ್ಲ! ಬಾಯಿ ಮುಚ್ಚಿಸಿದವಳೂ ನಾನೇ. ಸ್ಟೂಲು ಎಳೆದುಕೊಂಡು ಕೂತೆ.

“ನೀರ್ ಕುಡೀರಿ” ಎಂದು ಅಟೆಂಡರ್ ಲೋಟ ಕೊಟ್ಟರು. “ಆ ಎಣ್ಮಗಳು ನನ್ ಮುಂದ್ಲೇ ಬಕೀಟು ಮುಟ್ಟಿ ಕೈ ಮುಗ್ದು ಒಳಕ್ಕೋಗಿದ್ಲು ಕಣಮ್ಮ.”

ಲೋಟವನ್ನು ಅಲ್ಲೇ ಇಟ್ಟು, ಲಕೋಟೆ ತೆಗೆದುಕೊಂಡು ಎದ್ದೆ.

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಮೊದಲು ಮುಖ ಗಂಟು ಹಾಕಿದರು, ಆಮೇಲೆ ಬಾಗಿಲು ಮುಚ್ಚಿಸಿದರು. ಅಂಕಗಳನ್ನು ಕಂಪ್ಯೂಟರಿನಲ್ಲಿ ಖಾಯಂ ಮಾಡಲು ಆ ದಿನ ಸಂಜೆಯವರೆಗೆ ಸಮಯವಿತ್ತು, ಅಲ್ಲಿಯವರೆಗೆ ತಿದ್ದಬಹುದಿತ್ತು.

“ಯಾಕ್ರೀ ಇಷ್ಟು ತಲೆ ಕೆಡಿಸ್ಕೋತೀರಿ ಮೇಡಂ? ಅವಳ ಉತ್ತರ ಹಳೇ ಪ್ರಕಾರ ಸರಿ ಇದೆ ತಾನೇ? ನಾಲ್ಕು ಮಾರ್ಕ್ಸ್ ಸೇರ್ಸಿ. ಆ ಲಕೋಟೆ ಒಡೆದು ಉತ್ತರಪತ್ರಿಕೆ ಬಂಡಲಿಗೆ ಹಾಕಿ. ಅವಳೂ ಪಾಸು, ನೀವೂ ಬಚಾವು.”

ಸುಳ್ಳು ಹೇಳುವುದಿಲ್ಲ, ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಅರ್ಧ ಗಂಟೆ ಸ್ಟಾಫ್ ರೂಮಿನಲ್ಲಿ ಕೂತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಸೇರಿಸಿದರೆ ಅದು ಸುಳ್ಳೇ? ಎಕ್ಕ ಎಕ್ಕದ ಕುಟುಂಬದ್ದು ಎಂದು ಅವಳು ಬರೆದದ್ದು ಅವಳ ಪುಸ್ತಕದ ಪ್ರಕಾರ ಸತ್ಯ. ಅದಕ್ಕೆ ಕೆಂಪು ಗೆರೆ ಎಳೆದದ್ದು ನನ್ನ ಪಟ್ಟಿಯ ಪ್ರಕಾರ ಸತ್ಯ. ನಾನು ಇಪ್ಪತ್ತು ವರ್ಷ ಕಲಿಸಿದ್ದು ತಪ್ಪಾದರೆ, ಆಗ ಪಾಸಾಗಿ ಹೋದವರೆಲ್ಲ ಏನು? ಇನ್ನು ಹತ್ತು ವರ್ಷಕ್ಕೆ ಐದನೆಯ ಆವೃತ್ತಿ ಬಂದರೆ ಈಗ ಪಾಸಾದವರು ಏನು? ಯೋಚಿಸಿದಷ್ಟೂ ಗೋಜಲು. ಕೊನೆಗೆ ಹೊರಗಿನ ಪರೀಕ್ಷಕರಿಗೆ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. “ಮೇಡಂ, ಮಾರ್ಕ್ಸ್ ತಿದ್ದೋಕೆ ನಾನು ಒಪ್ಪಲ್ಲ. ಪ್ರಶ್ನೆಪತ್ರಿಕೆ ಒಂದು, ಉತ್ತರ ಇನ್ನೊಂದು ಆಗುತ್ತೆ. ಯಾರಾದ್ರೂ ಬಂಡಲ್ ತೆಗೆದು ನೋಡಿದ್ರೆ ಹೋಗೋದು ನಿಮ್ಮದಲ್ಲ, ಅವರ ಡಿಗ್ರಿ. ತಪ್ಪಾಗಿದೆ, ಮತ್ತೆ ಪರೀಕ್ಷೆ ಮಾಡ್ತೀವಿ ಅಂತ ಬರೆದ್ರೆ ನಾನೂ ಸಹಿ ಹಾಕ್ತೀನಿ.”

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬಚಾವಾಗುವುದು ನಾನು ಮಾತ್ರ, ಅವಳ ಡಿಗ್ರಿಯ ಬುಡದಲ್ಲಿ ಕಳ್ಳ ಅಂಕ ಹಾಗೇ ಕೂತಿರುತ್ತದೆ. ಆದರೆ ವಿಶ್ವವಿದ್ಯಾಲಯ ಮರುಪರೀಕ್ಷೆಗೆ ಒಪ್ಪದಿದ್ದರೆ? ಆಗ ಇದ್ದದ್ದೂ ಹೋಯಿತು, ಅವಳು ಫೇಲೇ. ಇದನ್ನು ನಾನೊಬ್ಬಳೇ ತೀರ್ಮಾನ ಮಾಡುವುದು ಹೇಗೆ? ಎದ್ದು ಆಟೋ ಹಿಡಿದು ಗಾರ್ಮೆಂಟ್ಸಿನ ಗೇಟಿಗೆ ಹೋದೆ.

ಒಳಗೆ ಫೋನ್ ಇಟ್ಟುಕೊಳ್ಳುವಂತಿಲ್ಲವಂತೆ. ಗೇಟಿನವನು ಊಟದ ಬೆಲ್ಲಿನವರೆಗೆ ಕಾಯಿರಿ ಎಂದ. ಕಾಂಪೌಂಡಿನ ಬುಡದಲ್ಲಿ ನಿಂತು ಕಾದೆ. ಬೆಲ್ಲಾದ ಮೇಲೆ ಅವಳು ನೀಲಿ ಏಪ್ರನ್ನಿನಲ್ಲಿ ಓಡಿಬಂದಳು. ಪಾಸಾಗಿರುವ ಸುದ್ದಿ ತಂದಿದ್ದೇನೆ ಎಂದುಕೊಂಡಳೇನೋ, ಮುಖದ ತುಂಬ ನಗು. ನಾನು ಅವಳ ಮುಖ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮುಗಿಸಿದೆ. ಎರಡು ದಾರಿಯನ್ನೂ ಹೇಳಿದೆ.

ನಗು ಹೋಯಿತು.

“ನೀವೇ ತಾನೆ ಮೇಡಂ ಅಂದಿದ್ದು, ಹಳೇದೇ ಓದು ಅಂತ?”

“ಹೌದು.”

“ನಾನು ಕೈ ಎತ್ದೆ.”

“ಹೌದು ಕಣಮ್ಮ. ತಪ್ಪು ನನ್ನದೇ.”

“ಕೂಸ್ನ ಅತ್ತೆ ಹತ್ರ ಬಿಟ್ಟು, ಸೂಪರ್‌ವೈಸರ್ ಕೈ ಕಾಲು ಹಿಡ್ದು ಒಂದಿನ ರಜ ತಕಂಡಿದ್ದೆ. ಈಗ ಇನ್ನೊಂದಿನ ಕೇಳ್ಬೇಕು.” ಅವಳ ಕಣ್ಣು ತುಂಬಿತು, ಆದರೆ ಅಳಲಿಲ್ಲ. “ಮಾರ್ಕ್ಸ್ ಸೇರ್ಸದು ಬ್ಯಾಡ ಮೇಡಂ. ನಂಗೆ ಬತ್ತದೆ. ಬರೋದ್ನ ಯಾಕ್ ಕದೀಬೇಕು? ಪರೀಕ್ಷೆ ಮಾಡ್ಸಿ.”

ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಕೇಳಿದಳು. “ಇದೊಂದ್ ಹೇಳಿ. ಎಕ್ಕ ಈಗ ಯಾವುದ್ರಲ್ಲಿ ಅದೆ? ಯಾಕ್ ಅಲ್ಲಿಗೆ ಹಾಕುದ್ರು?”

“ನಂದಿಬಟ್ಟಲ ಕುಟುಂಬದಲ್ಲಿ. ಡಿಎನ್‌ಎ ಪ್ರಕಾರ...” ಎಂದೆ. ಪುಸ್ತಕದಲ್ಲಿ ಹಾಗಿದೆ ಎಂಬುದನ್ನು ಬಿಟ್ಟರೆ ನನಗೇ ಗೊತ್ತಿರಲಿಲ್ಲ. ಬೆಲ್ಲಾಯಿತು, ಅವಳು ಊಟವನ್ನೂ ಮಾಡದೆ ಒಳಗೆ ಓಡಿದಳು.

ವಾಪಸ್ಸು ಬಂದು ಪತ್ರ ಬರೆದೆ. ಬ್ಯಾಚಿಗೆ ಸೇರಿಸಿದ್ದು ನಾನು, ಲಕೋಟೆ ಒಡೆಯದೆ ಉಳಿಸಿದ್ದು ನಾನು, ವಿದ್ಯಾರ್ಥಿನಿ ಕೇಳಿದರೂ ಗಮನ ಕೊಡದವಳು ನಾನು. ಪ್ರಿನ್ಸಿಪಾಲರು ಓದಿ, “ಮೂರು ಸಲ ನಾನು ನಾನು ಅಂತ ಬರೀಬೇಕಿತ್ತಾ?” ಎಂದು ಸಿಡುಕಿದರು. ಆದರೆ ಕಳಿಸಿದರು. ಫೋನ್ ಮಾಡಿ ಒತ್ತಾಯವನ್ನೂ ಮಾಡಿದರು, ಅದನ್ನು ಹೇಳಲೇಬೇಕು. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ಆ ದೇವರಿಗೇ ಗೊತ್ತು. ಮೂರನೆಯ ದಿನ ಒಪ್ಪಿಗೆ ಬಂತು: ಪ್ರಶ್ನೆಪತ್ರಿಕೆ ಅದೇ ಲಕೋಟೆಯದು, ಹೊರಗಿನ ಪರೀಕ್ಷಕರು ಅವರೇ, ಒಳಗಿನ ಪರೀಕ್ಷಕರು ಮಾತ್ರ ನಾನಲ್ಲ, ಮಳವಳ್ಳಿಯಿಂದ ಇನ್ನೊಬ್ಬರು ಬರಬೇಕು. ನಾನು ಗಿಡ ಒದಗಿಸಬಹುದು, ಮಾತಾಡುವಂತಿಲ್ಲ.

ಆ ಬೆಳಿಗ್ಗೆ ಅಟೆಂಡರ್ ಗೋಣಿ ಬಿಚ್ಚಿ ಮೂರೂ ಬಕೆಟ್ ತುಂಬಿಸಿದರು. ನಾನು ಸಿಂಕಿನ ಪಕ್ಕದ ಸ್ಟೂಲಿನಲ್ಲಿ ತುಟಿ ಬಿಗಿದು ಕೂತೆ. ಲಕೋಟೆ ಒಡೆದರು. ಹೊರಗಿನ ಪರೀಕ್ಷಕರು ಎರಡನೆಯ ಬಕೆಟ್ಟಿನಿಂದ ಎಕ್ಕದ ಕೊಂಬೆಯನ್ನೇ ಎತ್ತಿದರು. ನನಗೆ ಕೋಪ ಬಂತು, ಬೇರೆ ಗಿಡ ಇರಲಿಲ್ಲವೇ? ಅವಳು ಒಂದು ಹೂವನ್ನು ಎಡಗೈಯಲ್ಲಿ ಹಿಡಿದು ಎಸಳನ್ನು ಹಿಂದಕ್ಕೆ ಮಡಿಸಿದಳು. ನಡುವೆ ಐದು ಮೂಲೆಯ ದಿಂಡಿನಂಥ ಭಾಗವಿದೆ. ಅದರ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಚುಕ್ಕಿ. ಅದಕ್ಕೆ ಸೂಜಿ ತಾಗಿಸಿ ಮೆಲ್ಲಗೆ ಮೇಲಕ್ಕೆ ಎಳೆದರೆ ಪರಾಗ ತುಂಬಿದ ಎರಡು ಹಳದಿ ಚೀಲಗಳು ಜೋಡಿಯಾಗಿ ಈಚೆಗೆ ಬರುತ್ತವೆ. ಒತ್ತಿದರೆ ಹರಿಯುತ್ತವೆ. ದಿನವಿಡೀ ಸೂಜಿಯ ಜೊತೆ ಬಾಳುವ ಕೈ ಅವಳದು, ಒಂದೇ ಸಲಕ್ಕೆ ಬಂತು. ಗಾಜಿನ ಮೇಲಿಟ್ಟು ಮಸೂರ ಸರಿಮಾಡಿದಳು. ಹೊರಗಿನ ಪರೀಕ್ಷಕರು ಬಗ್ಗಿ ನೋಡಿ ಬಗ್ಗಿಯೇ ಇದ್ದರು.

“ನಾನಿದನ್ನ ಚಿತ್ರದಲ್ಲಿ ಮಾತ್ರ ನೋಡಿದ್ದೆ” ಎಂದರು, ಯಾರಿಗೆಂದಿಲ್ಲದೆ. “ನಾವು ಎಲೆ ಅರೆದು ಟ್ಯೂಬಿಗೆ ಹಾಕ್ತೀವಿ, ಅಷ್ಟೇ.”

ಅವಳು ಬರೆದು ಮುಗಿಸಿದ ಮೇಲೆ ಮೌಖಿಕ ಪರೀಕ್ಷೆ. ಮಳವಳ್ಳಿಯಿಂದ ಬಂದವರು ಎರಡು ಪ್ರಶ್ನೆ ಕೇಳಿ ಮುಗಿಸಿದರು. ಹೊರಗಿನ ಪರೀಕ್ಷಕರು ಎಕ್ಕದ ಹೂ ಎತ್ತಿ ತೋರಿಸಿದರು.

“ಇದು ಯಾವ ಕುಟುಂಬ?”

“ನಮ್ ಸಿಲಬಸ್ಸಿಂದಾ, ಈಗಿಂದಾ ಸಾರ್?”

ಅವರು ನಕ್ಕರು. “ಮಾರ್ಕ್ಸ್ ನಿಮ್ಮ ಸಿಲಬಸ್ಸಿಗೆ. ಎರಡನ್ನೂ ಹೇಳಿ, ಕೇಳೋಣ.”

ಹಳೆಯದನ್ನು ಕಾರಣದ ಸಮೇತ ಹೇಳಿದಳು. ಆಮೇಲೆ, “ಈಗ ನಂದಿಬಟ್ಲು ಜೊತೆ ಸೇರ್ಸವ್ರೆ ಸಾರ್. ಮೇಡಂ ಅವತ್ತು ಗೇಟ್ ತಾವ ಅಂದ್ರು, ಯಾಕೆ ಅಂತ ಹೇಳ್ನಿಲ್ಲ. ಮನೆ ಮುಂದೆ ನಂದಿಬಟ್ಲು ಅದೆ, ಕಿತ್ತು ಬಿಡ್ಸಿ ನೋಡ್ದೆ. ಮುರುದ್ರೆ ಎಲ್ಡ್ರಲ್ಲೂ ಹಾಲು. ಅಂಡಾಶಯ ಎಲ್ಡೆಲ್ಡು, ಬುಡ್ದಲ್ಲಿ ಬ್ಯಾರೆ ಬ್ಯಾರೆ, ಮ್ಯಾಲೆ ತಲೆ ಮಾತ್ರ ಒಂದೇ. ಎಕ್ಕುದ್ರಲ್ಲೂ ಅಂಗೇ. ಪರಾಗದ ಚೀಲ ನಂದಿಬಟ್ಲಲ್ಲಿ ಇಲ್ಲ. ಅದೊಂದ್ ಬಿಟ್ರೆ ಒಂದೇ ತಾಯಿ ಮಕ್ಕಳಂಗೇ ಅವೆ” ಎಂದಳು.

ನಾನು ಸ್ಟೂಲಿನಲ್ಲಿ ಕೂತವಳು ಕಕ್ಕಾಬಿಕ್ಕಿಯಾಗಿದ್ದೆ. ಇಪ್ಪತ್ತು ವರ್ಷ ಎರಡೂ ಹೂಗಳನ್ನು ಬಿಡಿಸಿದ್ದೇನೆ, ಬೇರೆ ಬೇರೆ ವಾರದಲ್ಲಿ, ಬೇರೆ ಬೇರೆ ಕುಟುಂಬವೆಂದು. ಎರಡನ್ನೂ ಒಂದೇ ಗಾಜಿನ ಮೇಲೆ ಇಟ್ಟು ನೋಡಬೇಕೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ತಾವರೆಯ ವಿಷಯ ಇವತ್ತಿಗೂ ನನಗೆ ಗೊಂದಲವೇ. ಆದರೆ ಎಕ್ಕದ ಮಟ್ಟಿಗೆ, ಕಣ್ಣಿಗೆ ಕಾಣುವುದಿಲ್ಲ ಎಂದು ನಾನು ಗೊಣಗುತ್ತಿದ್ದದ್ದು ಕಣ್ಣೆದುರಿಗೇ ಇತ್ತು.

ಪರೀಕ್ಷೆ ಮುಗಿದ ಕೂಡಲೇ ಅವಳು, “ಮದ್ಯಾನದ ಬೆಲ್ ಹೊಡ್ದೋಯ್ತದೆ” ಎಂದು ಓಡಿದಳು. ಅರ್ಧ ದಿನದ ರಜ ಮಾತ್ರ ಸಿಕ್ಕಿತ್ತಂತೆ. ನನ್ನ ಕಡೆ ತಿರುಗಿ ನೋಡಲಿಲ್ಲ.

ನನಗೆ ನೋಟಿಸ್ ಬಂತು, ಎರಡು ವರ್ಷ ಪರೀಕ್ಷೆಯ ಕೆಲಸದಿಂದ ದೂರ ಇಟ್ಟರು. ಸಹೋದ್ಯೋಗಿಗಳು ಎದುರಿಗೆ ಅಯ್ಯೋ ಪಾಪ ಅಂದರು, ಹಿಂದೆ ಏನಂದರೋ ಗೊತ್ತಿಲ್ಲ. ಅದು ನನಗೆ ಅಷ್ಟು ನೋಯಿಸಲಿಲ್ಲ. ನೋಯಿಸಿದ್ದು ಅವಳು ತಿರುಗಿ ನೋಡದೆ ಹೋದದ್ದು. ಸರಿಯಾದ ಪರೀಕ್ಷೆ ಮಾಡಿಸಿದೆನಲ್ಲ, ಇನ್ನೇನು ಬೇಕಿತ್ತು ಎಂದು ಒಂದು ಕ್ಷಣ ಸಿಟ್ಟೂ ಬಂತು. ಮರುಕ್ಷಣ ನನಗೇ ನಾಚಿಕೆಯಾಯಿತು.

ಫಲಿತಾಂಶ ಬಂದ ದಿನ ಮಧ್ಯಾಹ್ನ ಹೊಸ ನಂಬರಿನಿಂದ ಫೋನ್ ಬಂತು. ಹಿಂದೆ ಹೆಂಗಸರ ಗದ್ದಲ, ಯಾರದೋ ಮೊಬೈಲು, ಅವಳ ದನಿ.

“ಮೇಡಂ, ಪಾಸು.”

“ಗೊತ್ತು, ಬೆಳಿಗ್ಗೆಯೇ ನೋಡಿದೆ. ತುಂಬ ಸಂತೋಷ ಕಣಮ್ಮ.”

ಆ ಕಡೆಯಿಂದ ಅಳು ಕೇಳಿಸಿತು. ಗೇಟಿನ ಹತ್ತಿರ ನುಂಗಿಕೊಂಡಿದ್ದ ಅಳು ಅದು.

“ನಿಮ್ ಮೇಲೆ ಎಷ್ಟು ಸಿಟ್ಟದೆ ಗೊತ್ತಾ ಮೇಡಂ ನಂಗೆ?”

“ಬಯ್ಯಿ” ಎಂದೆ.

ಬೈದಳು. ಕೈ ಎತ್ತಿದಾಗ ಯಾಕೆ ನೋಡಲಿಲ್ಲ ಎಂದು ಬೈದಳು. ಹೊಸ ಸಾರ್ ಮುಂದೆ ದೊಡ್ಡವರಾಗಲು ನನ್ನ ಕುತ್ತಿಗೆಯೇ ಬೇಕಿತ್ತಾ ಎಂದಳು. ಮಗು ಜ್ವರದಲ್ಲಿ ಅಮ್ಮಾ ಅಮ್ಮಾ ಅನ್ನುತ್ತಿದ್ದರೂ ಪಕ್ಕದಲ್ಲಿ ಕೂತು ನೀವು ಬರೆಸಿದ ನೋಟ್ಸ್ ಓದಿದೆ, ಮೂರು ವರ್ಷ ಮತ್ತೆ ಎಲ್ಲಿಂದ ತರುತ್ತಿದ್ದೆ ಎಂದಳು. ನಾನು ಕಾರಿಡಾರಿನ ಕಂಬ ಹಿಡಿದು ನಿಂತು, ಒಂದಕ್ಕೂ ಎದುರು ಹೇಳದೆ, ಹೂಂ ಎಂದು ಮಾತ್ರ ಅನ್ನುತ್ತ ಕೇಳಿಸಿಕೊಂಡೆ. ಅವಳಿಗೆ ಬಯ್ಯಲು ಸಿಕ್ಕಿದ್ದು ಊಟದ ಬಿಡುವು ಅಷ್ಟೇ.

“ಬೆಲ್ಲಾಯ್ತು, ಇಡ್ತೀನಿ” ಎಂದಳು. ಒಂದು ಗಳಿಗೆ ಇಡಲಿಲ್ಲ. “ಬಿಎಡ್ ಅರ್ಜಿಗೆ ನಿಮ್ ಸಹಿ ಬೇಕು ಮೇಡಂ. ಸನಿವಾರ ಬತ್ತೀನಿ, ಇರ್ತೀರಾ?”

“ಇರ್ತೀನಿ” ಎಂದೆ.